ಗುಳಿಗೆ ತಗೊಂಡ್ರೆ ಕೊಲೆಸ್ಟ್ರಾಲ್ ಏರುತ್ತಾ?

ನಾನು ದಾವಣಗೆರೆಯ ಒಂದು ಸಣ್ಣ ರಕ್ತ ಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬೆಳಗ್ಗೆ ಏಳಕ್ಕೆಲ್ಲ ಬಾಗಿಲಲ್ಲಿ ಖಾಲಿ ಹೊಟ್ಟೆಯವರ ಸಾಲು. ರಕ್ತ ಕೊಟ್ಟು, ಮೊಣಕೈ ಮಡಚಿ ಹತ್ತಿ ಒತ್ತಿಕೊಂಡು, ಅರ್ಧ ಜನ ಇಲ್ಲಿಂದ ನೇರ ಬೆಣ್ಣೆ ದೋಸೆ ಹೋಟೆಲ್ಲಿಗೇ ಹೋಗುತ್ತಾರೆ. ಕೊಲೆಸ್ಟ್ರಾಲ್ ಪರೀಕ್ಷೆಗೆ ಬಂದವರೂ ಅಷ್ಟೇ. ನಾನು ಏನೂ ಹೇಳುವುದಿಲ್ಲ. ರಕ್ತ ತೆಗೆದಾಗಿದೆಯಲ್ಲ.

ಒಂದು ದಿನ ಇಪ್ಪತ್ತೆರಡರ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಿದ್ದಳು. ಚೀಟಿಯಲ್ಲಿ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ ಅಂತ ಬರೆದಿತ್ತು. ರಕ್ತದ ಟ್ಯೂಬನ್ನು ಮಿಷನ್ನಿಗೆ ಹಾಕಿ ತಿರುಗಿಸಿದರೆ ಕೆಂಪು ಭಾಗ ಕೆಳಗೆ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಗೆ ಸೀರಮ್ ಅಂತೀವಿ. ಚೆನ್ನಾಗಿದ್ದರೆ ಅದು ತೆಳು ಹಳದಿ, ಆಚೆ ಬದಿಯ ಅಕ್ಷರ ಕಾಣುವಷ್ಟು ಸ್ಪಷ್ಟ. ಈ ಹುಡುಗಿಯದ್ದು ನೀರು ಮಜ್ಜಿಗೆ ಥರ ಇತ್ತು. ರಿಪೋರ್ಟಿನಲ್ಲಿ ಒಟ್ಟು ಕೊಲೆಸ್ಟ್ರಾಲ್ 236, ಎಚ್‌ಡಿಎಲ್ 52, ಟ್ರೈಗ್ಲಿಸರೈಡ್ 430. ಎಲ್‌ಡಿಎಲ್ ಜಾಗದಲ್ಲಿ ಅಂಕಿಯೇ ಇಲ್ಲ, ಒಂದು ಗೆರೆ ಮಾತ್ರ.

"ನಮ್ಮನ್ಯಾಗೆ ಎಣ್ಣೆ ಜಾಸ್ತಿ ಹಾಕಂಗೇ ಇಲ್ಲ ಮೇಡಂ. ಇವ್ಳು ಹಾಸ್ಟ್ಲಾಗೆ ಏನ್ ತಿಂತಾಳೋ!" ಅಂದರು ತಾಯಿ. ಹುಡುಗಿ ನೆಲ ನೋಡುತ್ತಿದ್ದಳು. ಬೇರೆ ಏನಾದರೂ ಗುಳಿಗೆ ತಗೋತೀಯಾ ಅಂತ ಕೇಳಿದೆ. ಪಿಸಿಓಡಿಗೆ, ಅಂದರೆ ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆಗೆ ಅಂತ ಆರು ತಿಂಗಳಿಂದ ಹಾರ್ಮೋನ್ ಗುಳಿಗೆ. ಅದು ಗರ್ಭ ನಿರೋಧಕ ಗುಳಿಗೆಯೇ. ಮುಖದ ಮೊಡವೆಗೆ ಎರಡು ತಿಂಗಳಿಂದ ಇನ್ನೊಂದು. ಸ್ಟ್ರಿಪ್ ತೋರಿಸಿದಳು. ಐಸೊಟ್ರೆಟಿನಾಯಿನ್. ನನಗೆ ಅಲ್ಲೇ ಅರ್ಧ ಕಥೆ ತಿಳಿಯಿತು.

ನಮ್ಮ ಕರ್ನಾಟಕದಲ್ಲಿ ಮಕ್ಕಳು ಸಾಕು ಅಂದವರು ಮಾಡಿಸುವುದು ಆಪರೇಷನ್. ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರದ್ದು ಅದೇ ದಾರಿ. ಗುಳಿಗೆ ನುಂಗುವವರು ಕಡಿಮೆ ಅಂತ ಲೆಕ್ಕ ಹೇಳುತ್ತದೆ. ಆದರೆ ಆ ಲೆಕ್ಕ ತೆಗೆಯುವಾಗ ಕೇಳುವುದು ಮಕ್ಕಳಾಗದಂತೆ ಏನು ಮಾಡುತ್ತೀರಿ ಅಂತ. ಪಿಸಿಓಡಿಗೆ, ಮೊಡವೆಗೆ, ಜಾಸ್ತಿ ಹೋಗುವ ಮುಟ್ಟಿಗೆ, ಜಾತ್ರೆ ಹಬ್ಬಕ್ಕೆ ಡೇಟ್ ಮುಂದೆ ಹಾಕಲಿಕ್ಕೆ ಅಂತ ಇದೇ ಹಾರ್ಮೋನುಗಳನ್ನು ತಗೊಳ್ಳುವವರು ಅದರಲ್ಲಿ ಸೇರುವುದು ಕಷ್ಟ. ನಮ್ಮ ಲ್ಯಾಬಿಗೆ ಬರುವವರು ಜಾಸ್ತಿ ಇವರೇ. "ಗುಳಿಗೆಯಿಂದ ಕೊಲೆಸ್ಟ್ರಾಲ್ ಬರುತ್ತಂತೆ, ಹೌದಾ?" ಅಂತ ಕೇಳುವವರೂ ಇವರೇ. ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು.

ಮೊದಲು ರಿಪೋರ್ಟಿನ ಆ ನಾಲ್ಕು ಸಾಲು ಏನು ಅಂತ ನೋಡೋಣ. ಕೊಬ್ಬು ನೀರಿನಲ್ಲಿ ಕರಗುವುದಿಲ್ಲ, ರಕ್ತದಲ್ಲೂ ಅಷ್ಟೇ. ಅದು ಊರೂರು ತಿರುಗಬೇಕಾದರೆ ಗಾಡಿ ಬೇಕು. ನಮ್ಮ ಎಪಿಎಂಸಿಯಿಂದ ಮೆಕ್ಕೆಜೋಳದ ಲಾರಿಗಳು ತುಂಬಿಕೊಂಡು ಹೊರಡುತ್ತವಲ್ಲ, ಹಾಗೆ ಲಿವರಿನಿಂದ ಲೋಡ್ ಗಾಡಿಗಳು ಹೊರಡುತ್ತವೆ. ಆ ಗಾಡಿಯ ಹೆಸರು ವಿಎಲ್‌ಡಿಎಲ್. ಅದರಲ್ಲಿರುವ ಮುಖ್ಯ ಸರಕು ಟ್ರೈಗ್ಲಿಸರೈಡ್, ಅಂದರೆ ಉರಿಸಲಿಕ್ಕೆ ಅಥವಾ ಕೂಡಿಡಲಿಕ್ಕೆ ಇರುವ ಕೊಬ್ಬು. ದಾರಿಯಲ್ಲಿ ಸ್ನಾಯುವಿಗೆ ಒಂದಿಷ್ಟು, ಸೊಂಟದ ಬೊಜ್ಜಿಗೆ ಒಂದಿಷ್ಟು ಇಳಿಸುತ್ತಾ ಹೋಗುತ್ತದೆ. ಸರಕು ಇಳಿದ ಮೇಲೆ ಗಾಡಿ ಚಿಕ್ಕದಾಗಿ, ಅದರಲ್ಲಿ ಉಳಿಯುವುದು ಜಾಸ್ತಿ ಕೊಲೆಸ್ಟ್ರಾಲೇ. ಅದೇ ಎಲ್‌ಡಿಎಲ್. ಇದನ್ನು ಲಿವರ್ ವಾಪಸ್ ಒಳಗೆ ಕರೆದುಕೊಳ್ಳಬೇಕು. ಕರೆದುಕೊಳ್ಳದಿದ್ದರೆ ರಕ್ತದಲ್ಲೇ ಅಲೆದಾಡಿ, ವರ್ಷಗಟ್ಟಲೆ ರಕ್ತನಾಳದ ಗೋಡೆಗೆ ನುಗ್ಗಿ ಅಲ್ಲೇ ಕೂರುತ್ತದೆ. ಎಚ್‌ಡಿಎಲ್ ಅನ್ನೋದು ಬೇರೆ ಗಾಡಿ. ಅಲ್ಲಲ್ಲಿ ಬಿದ್ದಿರುವ ಕೊಲೆಸ್ಟ್ರಾಲನ್ನು ಎತ್ತಿಕೊಂಡು ಬರುವುದು ಅದರ ಕೆಲಸ.

ಟ್ರೈಗ್ಲಿಸರೈಡ್ 150ರ ಒಳಗಿದ್ದರೆ ಒಳ್ಳೆಯದು. 200 ದಾಟಿದರೆ ಜಾಸ್ತಿ, 500 ದಾಟಿದರೆ ತುಂಬಾ ಜಾಸ್ತಿ. ಹೆಂಗಸರಿಗೆ ಎಚ್‌ಡಿಎಲ್ 50ಕ್ಕಿಂತ ಮೇಲಿರಬೇಕು. ಎಲ್‌ಡಿಎಲ್ 100ರ ಒಳಗಿದ್ದರೆ ಚೆನ್ನ.

ಇನ್ನೊಂದು ಗುಟ್ಟು ಹೇಳುತ್ತೇನೆ. ಬಹಳಷ್ಟು ಲ್ಯಾಬುಗಳಲ್ಲಿ ಎಲ್‌ಡಿಎಲ್ ಅಳೆಯುವುದೇ ಇಲ್ಲ, ಕಳೆಯುವ ಲೆಕ್ಕ ಹಾಕಿ ಬರೆಯುತ್ತೇವೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಬೇಕು, ಆಮೇಲೆ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆಯಬೇಕು. ಒಟ್ಟು 210, ಎಚ್‌ಡಿಎಲ್ 45, ಟ್ರೈಗ್ಲಿಸರೈಡ್ 150 ಇದ್ದರೆ ಎಲ್‌ಡಿಎಲ್ 135. ಈ ಸೂತ್ರ 1972ರಿಂದ ನಡೆದು ಬಂದಿದೆ, ಫ್ರೀಡ್‌ವಾಲ್ಡ್ ಸೂತ್ರ ಅಂತ ಹೆಸರು. ಆದರೆ ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ಕೆಟ್ಟು ಹೋಗುತ್ತದೆ. ಅದಕ್ಕೇ ಆ ಹುಡುಗಿಯ ರಿಪೋರ್ಟಿನಲ್ಲಿ ಗೆರೆ. ಬೇಕಿದ್ದರೆ ಎಲ್‌ಡಿಎಲ್ ಅನ್ನು ಪ್ರತ್ಯೇಕವಾಗಿ ಅಳೆಯಬಹುದು, ದುಡ್ಡು ಸ್ವಲ್ಪ ಜಾಸ್ತಿ ಆಗುತ್ತದೆ ಅಷ್ಟೇ.

ಈಗ ಗುಳಿಗೆಗೆ ಬರೋಣ. ಸಾಮಾನ್ಯ ಗರ್ಭ ನಿರೋಧಕ ಗುಳಿಗೆಯಲ್ಲಿ ಎರಡು ಹಾರ್ಮೋನು ಇರುತ್ತವೆ. ಒಂದು ಈಸ್ಟ್ರೋಜನ್, ಇನ್ನೊಂದು ಪ್ರೊಜೆಸ್ಟಿನ್. ಬಸಿರು ತಡೆಯುವ ಮುಖ್ಯ ಕೆಲಸ ಪ್ರೊಜೆಸ್ಟಿನ್‌ನದ್ದು. ಈಸ್ಟ್ರೋಜನ್ ಅದಕ್ಕೆ ಕೈ ಜೋಡಿಸುತ್ತದೆ, ನಡುವೆ ರಕ್ತ ಕಾಣಿಸದಂತೆ ಮುಟ್ಟನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ರಕ್ತದ ಕೊಬ್ಬಿನ ವಿಷಯದಲ್ಲಿ ಮಾತ್ರ ಇವೆರಡದ್ದು ಎತ್ತು ಏರಿಗೆ, ಕೋಣ ನೀರಿಗೆ.

ಈಸ್ಟ್ರೋಜನ್ ಮೊದಲು. ನುಂಗಿದ್ದು ಏನೇ ಆಗಲಿ, ಕರುಳಿನಿಂದ ಹೊರಟ ರಕ್ತ ಲಿವರ್ ದಾಟಿಯೇ ಹೃದಯಕ್ಕೆ ಹೋಗಬೇಕು. ಹಾಗಾಗಿ ಗುಳಿಗೆಯ ಹಾರ್ಮೋನು ಗರ್ಭಕೋಶ ತಲುಪುವ ಮೊದಲು ಲಿವರಿಗೆ ಒಂದು ದೊಡ್ಡ ಪೆಟ್ಟು ಕೊಟ್ಟೇ ಮುಂದೆ ಹೋಗುತ್ತದೆ. ನಮ್ಮ ಮೈಯಲ್ಲೇ ತಯಾರಾಗುವ ಈಸ್ಟ್ರೋಜನ್ನನ್ನು ನುಂಗಿದರೆ ಲಿವರ್ ಅದರ ಬಹುಭಾಗವನ್ನು ಅಲ್ಲೇ ಮುರಿದು ಹಾಕುತ್ತದೆ. 1938ರಲ್ಲಿ ಜರ್ಮನಿಯ ರಸಾಯನ ಶಾಸ್ತ್ರಜ್ಞರು ಇದಕ್ಕೊಂದು ಉಪಾಯ ಕಂಡುಕೊಂಡರು. ಹಾರ್ಮೋನಿಗೆ ಒಂದು ಸಣ್ಣ ಬಾಲ ಜೋಡಿಸಿದರು. ಲಿವರಿಗೆ ಅದನ್ನು ಬೇಗ ಮುರಿಯಲು ಆಗಲಿಲ್ಲ. ಅದೇ ಎಥಿನೈಲ್ ಈಸ್ಟ್ರಡಯಾಲ್. ಇವತ್ತಿಗೂ ಹೆಚ್ಚಿನ ಗುಳಿಗೆಗಳಲ್ಲಿ ಇರುವುದು ಅದೇ. ಬಾಯಿಂದ ತಗೊಳ್ಳಲು ಅನುಕೂಲ ಆಯಿತು, ಒಪ್ಪೋಣ. ಆದರೆ ಲಿವರಿನಲ್ಲಿ ಅದು ತುಂಬಾ ಹೊತ್ತು ಕೂತು ಕೆಲಸ ಮಾಡಿಸುತ್ತದೆ.

ಏನು ಕೆಲಸ? ಲಿವರಿನಿಂದ ಹೊರಡುವ ಲೋಡ್ ಗಾಡಿಗಳ ಸಂಖ್ಯೆ ಏರುತ್ತದೆ, ಅಂದರೆ ಟ್ರೈಗ್ಲಿಸರೈಡ್ ಮೇಲೆ. ಎಲ್‌ಡಿಎಲ್ಲನ್ನು ವಾಪಸ್ ಒಳಗೆ ತಗೊಳ್ಳುವ ಬಾಗಿಲುಗಳು ಜಾಸ್ತಿ ತೆರೆಯುತ್ತವೆ, ಹಾಗಾಗಿ ಎಲ್‌ಡಿಎಲ್ ಕೆಳಗೆ. ಎಚ್‌ಡಿಎಲ್ ಕೂಡ ಮೇಲೆ. ಮೂರರಲ್ಲಿ ಎರಡು ನೋಡಲಿಕ್ಕೆ ಒಳ್ಳೆಯ ಸುದ್ದಿ. ಒಂದು ಮಾತ್ರ ಕಿರಿಕಿರಿ. ಬಸುರಿಯರಲ್ಲಿ ಟ್ರೈಗ್ಲಿಸರೈಡ್ ಎರಡು ಮೂರು ಪಟ್ಟು ಏರುವುದರ ಹಿಂದೆಯೂ ಈಸ್ಟ್ರೋಜನ್‌ನ ಕೈ ದೊಡ್ಡದು. ಅವರ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಏರಿದ್ದನ್ನು ನೋಡಿ ಡಾಕ್ಟರು ಗಾಬರಿ ಬೀಳುವುದಿಲ್ಲ.

ಇನ್ನು ಪ್ರೊಜೆಸ್ಟಿನ್. ಇದು ಒಂದೇ ವಸ್ತು ಅಲ್ಲ, ಒಂದು ದೊಡ್ಡ ಮನೆತನ. ಕೆಲವಕ್ಕೆ ಗಂಡು ಹಾರ್ಮೋನಿನ ಗುಣ ಸ್ವಲ್ಪ ಜಾಸ್ತಿ. ಲಿವೊನಾರ್ಜೆಸ್ಟ್ರೆಲ್, ನಾರೆಥಿಸ್ಟೆರೋನ್ ಈ ಕಡೆಯವು. ಇವು ಎಚ್‌ಡಿಎಲ್ ಇಳಿಸುತ್ತವೆ, ಎಲ್‌ಡಿಎಲ್ ಏರಿಸುವ ಕಡೆಗೆ ತಳ್ಳುತ್ತವೆ, ಈಸ್ಟ್ರೋಜನ್ ಏರಿಸಿದ ಟ್ರೈಗ್ಲಿಸರೈಡನ್ನು ಸ್ವಲ್ಪ ಹಿಂದಕ್ಕೆ ಎಳೆಯುತ್ತವೆ. ಡೆಸೊಜೆಸ್ಟ್ರೆಲ್‌ನಲ್ಲಿ ಆ ಗುಣ ಕಡಿಮೆ. ಡ್ರೊಸ್ಪೈರಿನೋನ್, ಸೈಪ್ರೊಟೆರೋನ್ ಅಂತೂ ಗಂಡು ಹಾರ್ಮೋನಿಗೆ ವಿರುದ್ಧವಾಗಿಯೇ ನಿಲ್ಲುತ್ತವೆ. ಅದಕ್ಕೇ ಮೊಡವೆಗೆ, ಮುಖದ ಕೂದಲಿಗೆ, ಪಿಸಿಓಡಿಗೆ ಇವನ್ನೇ ಜಾಸ್ತಿ ಬರೆಯುತ್ತಾರೆ. ಇವು ಈಸ್ಟ್ರೋಜನ್ನನ್ನು ತಡೆಯುವುದಿಲ್ಲ. ಹಾಗಾಗಿ ಇಂಥ ಗುಳಿಗೆಯಲ್ಲಿ ಎಚ್‌ಡಿಎಲ್ಲೂ ಏರುತ್ತದೆ, ಟ್ರೈಗ್ಲಿಸರೈಡೂ ಏರುತ್ತದೆ.

1990ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದಲ್ಲಿ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಬೇರೆ ಬೇರೆ ಗುಳಿಗೆ ತಗೊಂಡ ಹೆಂಗಸರಲ್ಲಿ ಟ್ರೈಗ್ಲಿಸರೈಡ್ ಶೇಕಡಾ 13ರಿಂದ 75ರವರೆಗೆ ಜಾಸ್ತಿ ಇತ್ತು. ಲಿವೊನಾರ್ಜೆಸ್ಟ್ರೆಲ್ ಇದ್ದ ಗುಳಿಗೆಗಳಲ್ಲಿ ಎಚ್‌ಡಿಎಲ್ ಶೇಕಡಾ 5ರಿಂದ 16ರಷ್ಟು ಕಡಿಮೆ, ಡೆಸೊಜೆಸ್ಟ್ರೆಲ್ ಇದ್ದದ್ದರಲ್ಲಿ ಶೇಕಡಾ 12ರಷ್ಟು ಜಾಸ್ತಿ. ಎರಡನ್ನೂ ಜನ ಕರೆಯುವುದು ಗರ್ಭ ನಿರೋಧಕ ಗುಳಿಗೆ ಅಂತಲೇ. ಒಂದು ಎಚ್‌ಡಿಎಲ್ ಇಳಿಸಿತು, ಇನ್ನೊಂದು ಏರಿಸಿತು. ಹಾಗಾಗಿ "ಗುಳಿಗೆಯಿಂದ ಕೊಲೆಸ್ಟ್ರಾಲ್ ಏರುತ್ತಾ" ಅಂತ ಕೇಳಿದರೆ ನಾನು ವಾಪಸ್ ಕೇಳುವುದು ಒಂದೇ. ಯಾವ ಗುಳಿಗೆ? ಸ್ಟ್ರಿಪ್ ತಂದಿದ್ದೀರಾ?

ಲೆಕ್ಕಕ್ಕೆ ಹಿಡಿಯುವುದಾದರೆ, 100 ಇದ್ದ ಟ್ರೈಗ್ಲಿಸರೈಡ್ 140 ಆದರೆ ಅದು ಇನ್ನೂ ಗಡಿಯ ಒಳಗೇ ಇದೆ. ಇಂಥವರಿಗೆ ಏನೂ ಆಗುವುದಿಲ್ಲ. 280 ಇದ್ದವರದ್ದು ಅಷ್ಟೇ ಪಾಲು ಏರಿದರೆ 390 ದಾಟುತ್ತದೆ. ಗುಳಿಗೆ ಒಂದೇ, ಹೊರಟ ಜಾಗ ಬೇರೆ. ನಮ್ಮ ದೇಶದಲ್ಲಿ ಬಹಳ ಜನ ಹೊರಡುವ ಜಾಗವೇ ಅಷ್ಟು ಚೆನ್ನಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ ನಾಲ್ಕು ಕಡೆ ರಕ್ತ ಪರೀಕ್ಷೆ ಮಾಡಿ 2014ರಲ್ಲಿ ಹೇಳಿದ್ದು ಏನೆಂದರೆ, ನೂರಕ್ಕೆ 72 ಜನರಲ್ಲಿ ಎಚ್‌ಡಿಎಲ್ ಕಡಿಮೆ, 30ರ ಹತ್ತಿರ ಜನರಲ್ಲಿ ಟ್ರೈಗ್ಲಿಸರೈಡ್ ಜಾಸ್ತಿ. ಒಟ್ಟು ಕೊಲೆಸ್ಟ್ರಾಲ್ ಜಾಸ್ತಿ ಇದ್ದವರು 14ರಷ್ಟು ಮಾತ್ರ. ಅಂದರೆ ನಮ್ಮ ತೊಂದರೆ ಎಣ್ಣೆಗಿಂತ ಅನ್ನ, ಸಕ್ಕರೆ, ಮೈದಾ, ಕೂತು ಮಾಡುವ ಕೆಲಸದ ಕಡೆಯದು. ಮಂಡಕ್ಕಿ ಮಿರ್ಚಿಯಲ್ಲಿ ಎಲ್ಲರೂ ಮಿರ್ಚಿಯನ್ನೇ ಬೈಯುತ್ತಾರೆ. ಮಂಡಕ್ಕಿಯೂ ಅಕ್ಕಿಯೇ ಅಲ್ವಾ, ಲಿವರಿನಲ್ಲಿ ಅದೂ ಟ್ರೈಗ್ಲಿಸರೈಡ್ ಆಗಬಲ್ಲದು. ಇದು ನಮ್ಮೂರಿನಲ್ಲಿ ಹೇಳಬಾರದ ಮಾತು, ಗೊತ್ತು. ಪಿಸಿಓಡಿ ಇರುವ ಹುಡುಗಿಯರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಟ್ರೈಗ್ಲಿಸರೈಡ್ ಮೊದಲೇ ಮೇಲಿರುವುದು ಜಾಸ್ತಿ. ಗುಳಿಗೆ ಶುರು ಮಾಡುವ ಮುಂಚಿನ ರಿಪೋರ್ಟ್ ಇಲ್ಲದೆ ಬಂದರೆ ಯಾವುದು ಗುಳಿಗೆಯ ಪಾಲು, ಯಾವುದು ಪಿಸಿಓಡಿಯ ಪಾಲು ಅಂತ ಹೇಳಲಿಕ್ಕೆ ನನ್ನಿಂದಂತೂ ಆಗುವುದಿಲ್ಲ.

ಈ ಭಯ ಹುಟ್ಟಿದ್ದು ಹಳೆಯ ಗುಳಿಗೆಗಳ ಕಾಲದಲ್ಲಿ. ಅಮೆರಿಕದಲ್ಲಿ 1960ರಲ್ಲಿ ಬಸಿರು ತಡೆಯಲು ಒಪ್ಪಿಗೆ ಪಡೆದ ಮೊದಲ ಗುಳಿಗೆ ಎನೊವಿಡ್‌ನಲ್ಲಿ ಈಸ್ಟ್ರೋಜನ್ 150 ಮೈಕ್ರೋಗ್ರಾಂ ಇತ್ತು. ಇವತ್ತಿನ ಹೆಚ್ಚಿನ ಗುಳಿಗೆಗಳಲ್ಲಿ 20, 30 ಅಥವಾ 35. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಮಾಲಾ-ಎನ್, ಮೆಡಿಕಲ್ ಶಾಪಿನಲ್ಲಿ ಸಿಗುವ ಮಾಲಾ-ಡಿ ಎರಡರಲ್ಲೂ ಇರುವುದು 30 ಮೈಕ್ರೋಗ್ರಾಂ ಎಥಿನೈಲ್ ಈಸ್ಟ್ರಡಯಾಲ್, 150 ಮೈಕ್ರೋಗ್ರಾಂ ಲಿವೊನಾರ್ಜೆಸ್ಟ್ರೆಲ್. 21 ಗುಳಿಗೆ ಹಾರ್ಮೋನಿನವು, ಉಳಿದ 7 ಬರೀ ಕಬ್ಬಿಣಾಂಶ. ಆ ಏಳನ್ನು ಎಸೆಯುವವರನ್ನು ನೋಡಿದ್ದೇನೆ. ಎಸೆಯಬೇಡಿ. ಇಲ್ಲಿ ಹಿಮೋಗ್ಲೋಬಿನ್ ಹತ್ತರ ಕೆಳಗಿರುವ ರಿಪೋರ್ಟು ದಿನಾ ಬರೆಯುತ್ತೇನೆ.

ಮಾಲಾ-ಡಿ ಅಂದರೆ ಮೂಗು ಮುರಿಯುವವರಿದ್ದಾರೆ. ಹಳೇ ಕಾಲದ್ದು, ಸರ್ಕಾರದ್ದು, ಹೊಸ ಗುಳಿಗೆಯೇ ಒಳ್ಳೆಯದು ಅನ್ನೋ ಲೆಕ್ಕ. ಕೊಬ್ಬಿನ ರಿಪೋರ್ಟ್ ಮಾತ್ರ ನೋಡಿದರೆ ಅವರ ಮಾತು ಸರಿ ಅನ್ನಿಸುತ್ತದೆ. ಲಿವೊನಾರ್ಜೆಸ್ಟ್ರೆಲ್ ಎಚ್‌ಡಿಎಲ್ ಇಳಿಸುತ್ತದೆ, ಹೊಸದು ಏರಿಸುತ್ತದೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಗುಳಿಗೆಯ ನಿಜವಾದ ಅಪಾಯ ಕೊಲೆಸ್ಟ್ರಾಲ್ ಅಲ್ಲವೇ ಅಲ್ಲ. ರಕ್ತ ಹೆಪ್ಪುಗಟ್ಟುವುದು.

ಈಸ್ಟ್ರೋಜನ್ ಲಿವರಿನಲ್ಲಿ ಬರೀ ಕೊಬ್ಬಿನ ಗಾಡಿ ತುಂಬಿಸುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನೂ ಜಾಸ್ತಿ ಮಾಡಿಸುತ್ತದೆ, ಬಿಪಿ ಏರಿಸುವ ದಾರಿಯ ಒಂದು ಪ್ರೋಟೀನನ್ನೂ ಜಾಸ್ತಿ ಮಾಡಿಸುತ್ತದೆ. ಎಚ್‌ಡಿಎಲ್ ಏರಿಸಿದ ಕೈಯೇ ಇದನ್ನೂ ಮಾಡುವುದು. ಲಿವೊನಾರ್ಜೆಸ್ಟ್ರೆಲ್ ಈಸ್ಟ್ರೋಜನ್ನನ್ನು ಹಿಂದಕ್ಕೆ ಎಳೆಯುತ್ತದೆ ಅಂದೆನಲ್ಲ, ಅದು ಎಚ್‌ಡಿಎಲ್ ವಿಷಯದಲ್ಲಿ ನಮಗೆ ನಷ್ಟ, ಹೆಪ್ಪುಗಟ್ಟುವ ವಿಷಯದಲ್ಲಿ ಲಾಭ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯ ಲೆಕ್ಕ ಹೀಗಿದೆ. ಗುಳಿಗೆ ತಗೊಳ್ಳದ, ಬಸುರಿಯೂ ಅಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಜನರಿಗೆ ಕಾಲಿನ ಅಥವಾ ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪುಗಟ್ಟುತ್ತದೆ. ಲಿವೊನಾರ್ಜೆಸ್ಟ್ರೆಲ್ ಗುಳಿಗೆಯವರಲ್ಲಿ 5ರಿಂದ 7. ಡೆಸೊಜೆಸ್ಟ್ರೆಲ್, ಡ್ರೊಸ್ಪೈರಿನೋನ್ ಗುಳಿಗೆಯವರಲ್ಲಿ 9ರಿಂದ 12. ಅಂದರೆ ರಿಪೋರ್ಟಿನಲ್ಲಿ ಚೆಂದ ಕಾಣುವ ಗುಳಿಗೆಯಲ್ಲೇ ಈ ಅಪಾಯ ಸ್ವಲ್ಪ ಜಾಸ್ತಿ! ಪುಕ್ಕಟೆ ಗುಳಿಗೆಯೇ ಇಲ್ಲಿ ಮೇಲು. ಹಾಗಂತ ಹತ್ತು ಸಾವಿರಕ್ಕೆ ಹತ್ತು ಅನ್ನೋದು ಹೆದರಿ ಓಡುವ ಅಂಕಿಯೂ ಅಲ್ಲ. ಹೆರಿಗೆಯಾದ ಮೊದಲ ವಾರಗಳಲ್ಲಿ ಈ ಅಪಾಯ ಇದಕ್ಕಿಂತ ಎಷ್ಟೋ ಜಾಸ್ತಿ.

ಒಳ್ಳೆಯ ಅಂಕಿ ಬಂದ ಮಾತ್ರಕ್ಕೆ ಹೃದಯಕ್ಕೆ ಒಳ್ಳೆಯದಾಗುತ್ತದೆ ಅಂತ ನಂಬಿ ದೊಡ್ಡವರೇ ಮೋಸ ಹೋಗಿದ್ದಾರೆ. ಮುಟ್ಟು ನಿಂತವರಿಗೆ ಈಸ್ಟ್ರೋಜನ್ ಗುಳಿಗೆ ಕೊಟ್ಟರೆ ಎಲ್‌ಡಿಎಲ್ ಇಳಿದು ಎಚ್‌ಡಿಎಲ್ ಏರುತ್ತದೆ, ಹಾಗಾಗಿ ಹೃದಯಾಘಾತ ತಪ್ಪುತ್ತದೆ ಅಂತ ಬಹಳ ವರ್ಷ ಅಂದುಕೊಂಡಿದ್ದರು. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಕೊಟ್ಟು ನೋಡುವ ದೊಡ್ಡ ಪರೀಕ್ಷೆ ಆಯಿತು. 2002ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಕೊಬ್ಬಿನ ಅಂಕಿ ಸುಧಾರಿಸಿತ್ತು. ಹೃದಯಾಘಾತ, ಪಾರ್ಶ್ವವಾಯು, ಹೆಪ್ಪುಗಟ್ಟುವುದು, ಸ್ತನ ಕ್ಯಾನ್ಸರ್ ಮಾತ್ರ ಜಾಸ್ತಿ ಆಗಿದ್ದವು. ಅವರು ವಯಸ್ಸಾದವರು, ಗುಳಿಗೆಯೂ ಬೇರೆ, ಹಾಗಾಗಿ ಆ ಅಂಕಿಗಳನ್ನು ಇಪ್ಪತ್ತೈದರ ಹುಡುಗಿಗೆ ಹಚ್ಚಬಾರದು. ರಿಪೋರ್ಟಿನ ಅಂಕಿಯೇ ಆರೋಗ್ಯ ಅಂತ ಅಂದುಕೊಳ್ಳುವ ಅಭ್ಯಾಸಕ್ಕೆ ಮಾತ್ರ ಅದು ದೊಡ್ಡ ಪೆಟ್ಟು. ರಿಪೋರ್ಟ್ ಬರೆದು ಹೊಟ್ಟೆ ಹೊರೆಯುವ ನಾನೇ ಇದನ್ನು ಹೇಳುತ್ತಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆಯೂ ಇದೇ ದಿಕ್ಕಿನಲ್ಲಿ ಯೋಚಿಸುತ್ತದೆ. ಯಾರಿಗೆ ಯಾವ ಗರ್ಭ ನಿರೋಧಕ ಸರಿ ಅಂತ ಅದು ನಾಲ್ಕು ದರ್ಜೆ ಮಾಡಿದೆ. ಒಂದು ಅಂದರೆ ಧಾರಾಳವಾಗಿ ತಗೊಳ್ಳಿ, ನಾಲ್ಕು ಅಂದರೆ ಬೇಡವೇ ಬೇಡ. ರಕ್ತದ ಕೊಬ್ಬಿನ ಏರುಪೇರು ಒಂದೇ ಇದ್ದು, ಹೃದಯಕ್ಕೆ ಸಂಬಂಧಿಸಿದ ಬೇರೆ ತೊಂದರೆ ಇಲ್ಲದಿದ್ದರೆ, 2015ರ ಪಟ್ಟಿಯಲ್ಲಿ ಅದು ಎರಡನೇ ದರ್ಜೆ. ಅಂದರೆ ತಗೊಳ್ಳಬಹುದು, ಕಣ್ಣಿಟ್ಟಿರಿ. ಗುಳಿಗೆ ಶುರು ಮಾಡುವ ಮುಂಚೆ ಎಲ್ಲರಿಗೂ ಲಿಪಿಡ್ ಪರೀಕ್ಷೆ ಮಾಡಿಸಬೇಕು ಅಂತಲೂ ಇಲ್ಲ. ಬಿಪಿ ನೋಡಬೇಕು ಅಂತ ಇದೆ. ಬಿಪಿ 140/90 ದಾಟಿದರೆ ಈಸ್ಟ್ರೋಜನ್ ಇರುವ ಗುಳಿಗೆಗೆ ಮೂರನೇ ದರ್ಜೆ, 160/100 ದಾಟಿದರೆ ನಾಲ್ಕನೆಯದು. ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಕಾಣಿಸಿ ಆಮೇಲೆ ಬರುವ ಅರೆತಲೆನೋವಿಗೂ ನಾಲ್ಕು. 35 ದಾಟಿ ದಿನಕ್ಕೆ 15 ಸಿಗರೇಟು ಸೇದುವವರಿಗೂ ನಾಲ್ಕು. ಹಿಂದೆ ಕಾಲಿನಲ್ಲಿ ಹೆಪ್ಪುಗಟ್ಟಿದ್ದರಂತೂ ಕೇಳಲೇಬೇಡಿ. ಬಿಪಿ ನೋಡಲು ಎರಡು ನಿಮಿಷ ಸಾಕು, ದುಡ್ಡು ಬೇಡ. ಆದರೂ ಸಾವಿರಗಟ್ಟಲೆ ಕೊಟ್ಟು ಫುಲ್ ಬಾಡಿ ಚೆಕಪ್ ಮಾಡಿಸುವವರು ಬಿಪಿ ನೋಡಿಸಿರುವುದಿಲ್ಲ.

ಕೊಬ್ಬಿನ ಅಂಕಿಗೆ ನಿಜವಾಗಿಯೂ ಹೆದರಬೇಕಾದ ಒಂದು ಸಂದರ್ಭ ಇದೆ. ಟ್ರೈಗ್ಲಿಸರೈಡ್ 500 ದಾಟಿ 1000ದ ಕಡೆ ಹೊರಟರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಪ್ಯಾಂಕ್ರಿಯಾಟೈಟಿಸ್ ಅಂತಾರೆ. ಮೇಲು ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹೋಗುವ ಭಯಂಕರ ನೋವು, ವಾಂತಿ. ಇದು ಜೀವಕ್ಕೇ ಕುತ್ತು ತರುವ ಕಾಯಿಲೆ. ಮನೆತನದಲ್ಲೇ ಟ್ರೈಗ್ಲಿಸರೈಡ್ ತುಂಬಾ ಜಾಸ್ತಿ ಇರುವವರು ಈಸ್ಟ್ರೋಜನ್ ಗುಳಿಗೆ ತಗೊಂಡರೆ ಈ ಗಡಿ ಸುಲಭವಾಗಿ ದಾಟಬಹುದು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಸರಿಯಾಗಿ ಕೆಲಸ ಮಾಡದ ಥೈರಾಯ್ಡ್, ಕುಡಿತ, ಸ್ಟಿರಾಯ್ಡ್ ಗುಳಿಗೆ ಸೇರಿದರೆ ಇನ್ನೂ ಬೇಗ.

ಆ ಹುಡುಗಿಯ ಮೊಡವೆ ಗುಳಿಗೆ ಬರುವುದು ಇಲ್ಲಿಗೇ. ಐಸೊಟ್ರೆಟಿನಾಯಿನ್ ತಾನೇ ಟ್ರೈಗ್ಲಿಸರೈಡ್ ಏರಿಸುತ್ತದೆ. ಅದನ್ನು ತಗೊಳ್ಳುವಾಗ ಬಸಿರಾದರೆ ಮಗುವಿಗೆ ದೊಡ್ಡ ಊನ ಆಗಬಹುದಾದ್ದರಿಂದ, ಜೊತೆಗೆ ಗರ್ಭ ನಿರೋಧಕ ಇರಲೇಬೇಕು ಅಂತ ನಿಯಮ. ಹಾಗಾಗಿ ಎರಡೂ ಒಟ್ಟಿಗೆ ಬರುವುದು ಅಪರೂಪ ಅಲ್ಲ, ತಪ್ಪೂ ಅಲ್ಲ. ನಡುವೆ ಒಮ್ಮೆ ರಕ್ತ ನೋಡಿಸಬೇಕು ಅಷ್ಟೇ. ಇವಳ ವಿಷಯದಲ್ಲಿ ಚರ್ಮದ ಡಾಕ್ಟರಿಗೆ ಹಾರ್ಮೋನ್ ಗುಳಿಗೆಯ ವಿಷಯ ಗೊತ್ತಿರಲಿಲ್ಲ, ಹೆಂಗಸರ ಡಾಕ್ಟರಿಗೆ ಮೊಡವೆಯದ್ದು ಗೊತ್ತಿರಲಿಲ್ಲ. ಹುಡುಗಿಗೆ ಎರಡೂ ಗೊತ್ತಿತ್ತು, ಆದರೆ ಅವಳನ್ನು ಯಾರೂ ಕೇಳಿರಲಿಲ್ಲ. ನಮ್ಮ ಲ್ಯಾಬಿನ ಚೀಟಿಯಲ್ಲೂ ವಯಸ್ಸು, ಲಿಂಗ, ಖಾಲಿ ಹೊಟ್ಟೆಯೋ ಅಲ್ಲವೋ ಅನ್ನಲು ಜಾಗ ಇದೆ, ಗುಳಿಗೆಗೆ ಇಲ್ಲ. ಈಗ ನಾನು ಮೂಲೆಯಲ್ಲಿ ಪೆನ್ನಿನಿಂದ ಬರೆದುಕೊಳ್ಳುತ್ತೇನೆ.

ಉಳಿದ ಸಾಧನಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಕೊಬ್ಬಿನ ವಿಷಯದಲ್ಲಿ ಅವು ಅಷ್ಟು ತಲೆನೋವಲ್ಲ. ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲ, ಅದು ರಕ್ತದ ಕೊಬ್ಬನ್ನು ಮುಟ್ಟುವುದಿಲ್ಲ. ಕಾಪರ್-ಟಿ ಥರದ್ದೇ, ಆದರೆ ಹಾರ್ಮೋನ್ ಇರುವ ಐಯುಡಿ ಗರ್ಭಕೋಶದಲ್ಲೇ ಕೂತು ಸ್ವಲ್ಪ ಸ್ವಲ್ಪ ಬಿಡುತ್ತದೆ, ಲಿವರಿಗೆ ಹೋಗುವುದು ತೀರಾ ಕಡಿಮೆ. ಪ್ರೊಜೆಸ್ಟಿನ್ ಮಾತ್ರ ಇರುವ ಗುಳಿಗೆಯೂ ಹೆಚ್ಚು ಕಡಿಮೆ ಹಾಗೇ. ಸರ್ಕಾರ 2017ರಲ್ಲಿ ತಂದ ಅಂತರಾ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಇಂಜೆಕ್ಷನ್. ಅದರಲ್ಲಿ ಈಸ್ಟ್ರೋಜನ್ ಇಲ್ಲ, ಹಾಗಾಗಿ ಟ್ರೈಗ್ಲಿಸರೈಡ್ ಗೋಳು ಇಲ್ಲ. ಎಚ್‌ಡಿಎಲ್ ಸ್ವಲ್ಪ ಇಳಿಯಬಹುದು. ಕೆಲವರಿಗೆ ತೂಕ ಏರುತ್ತದೆ. ಛಾಯಾ ಅನ್ನೋ ವಾರದ ಗುಳಿಗೆ ಲಖನೌದ ಸಿಡಿಆರ್‌ಐ ಅನ್ನೋ ಔಷಧ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದದ್ದು, ಮೊದಲು ಸಹೇಲಿ ಅನ್ನೋ ಹೆಸರಿನಲ್ಲಿ ಬಂದಿತ್ತು. ಅದು ಈ ಜಾತಿಯ ಹಾರ್ಮೋನೇ ಅಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ಒಂದು. ಇನ್ನು 72 ಗಂಟೆಯೊಳಗೆ ತಗೊಳ್ಳುವ ತುರ್ತು ಗುಳಿಗೆ ಒಂದೇ ಸಲದ್ದು. ಅದರಿಂದ ಕೊಲೆಸ್ಟ್ರಾಲ್ ಏರಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಪರೀಕ್ಷೆ ಮಾಡಿಸುವುದಾದರೆ ಗುಳಿಗೆ ಶುರು ಮಾಡುವ ಮುಂಚೆ ಒಮ್ಮೆ, ಆಮೇಲೆ ಮೂರು ತಿಂಗಳಿಗೆ ಒಮ್ಮೆ ಸಾಕು. ಏರುವುದಿದ್ದರೆ ಅಷ್ಟರೊಳಗೆ ಏರಿರುತ್ತದೆ. ಎಲ್ಲರಿಗೂ ಬೇಕಿಲ್ಲ. ಪಿಸಿಓಡಿ, ಸಕ್ಕರೆ ಕಾಯಿಲೆ, ಜಾಸ್ತಿ ತೂಕ, ಅಪ್ಪ ಅಮ್ಮನಿಗೆ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿದ್ದು, ಇಂಥವರು ಮಾಡಿಸಿದರೆ ಅರ್ಥ ಇದೆ. ಹಿಂದಿನ ರಾತ್ರಿ ಮದುವೆ ಊಟ ಹೊಡೆದು ಬರಬೇಡಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ. ಅಂಕಿ ಜಾಸ್ತಿ ಬಂತು ಅಂತ ಸುಮ್ನೆ ಗುಳಿಗೆ ನಿಲ್ಲಿಸಿಬಿಡಬೇಡಿ. ಬೇರೆ ಸಾಧನ ಇಲ್ಲದೆ ನಿಲ್ಲಿಸಿ ಬಸಿರಾದರೆ ಟ್ರೈಗ್ಲಿಸರೈಡ್ ಗುಳಿಗೆಯಲ್ಲಿ ಏರಿದ್ದಕ್ಕಿಂತ ಜಾಸ್ತಿ ಏರುತ್ತದೆ. ಡಾಕ್ಟರಿಗೆ ತೋರಿಸಿ, ಬದಲಾಯಿಸುವುದಿದ್ದರೆ ಅವರು ಬದಲಾಯಿಸಲಿ.

ಆ ಹುಡುಗಿಯ ಮೊಡವೆ ಗುಳಿಗೆಯನ್ನು ಡಾಕ್ಟರು ನಿಲ್ಲಿಸಿದರು, ಹಾರ್ಮೋನ್ ಗುಳಿಗೆ ಬದಲಾಯಿಸಿದರು. ನಾಲ್ಕು ತಿಂಗಳ ಮೇಲೆ ತಾಯಿ ಮಗಳು ಮತ್ತೆ ಬಂದರು. ಈ ಸಲ ಸೀರಮ್ ತಿಳಿ ಹಳದಿ. ಟ್ರೈಗ್ಲಿಸರೈಡ್ 188. ಗಡಿಯ ಹೊರಗೇ ಇದೆ, ಆದರೆ ಅದು ಪಿಸಿಓಡಿಯ ಪಾಲು ಇರಬೇಕು, ನಡಿಗೆಯಿಂದ, ಊಟದಿಂದ ಇಳಿಸಬೇಕು. ತಾಯಿ ನಿಟ್ಟುಸಿರು ಬಿಟ್ಟು, ಮಗಳು ಹೊರಗೆ ಹೋದ ಮೇಲೆ ದನಿ ತಗ್ಗಿಸಿದರು.

"ಮೇಡಂ, ದುಗ್ಗಮ್ಮನ ಜಾತ್ರೆಗೆ ನಾನೂ ಒಂದ್ ಗುಳಿಗೆ ತಗೊಂಡಿದ್ದೆ. ಡೇಟ್ ಮುಂದೆ ಹೋಗ್ಲಿ ಅಂತ. ಅದ್ರಿಂದ ನನಗೂ ಕೊಬ್ಬು ಏರಿರ್ತದಾ?"

ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ. ಊರ ತುಂಬಾ ನೆಂಟರು, ಮನೆ ಮನೆಯಲ್ಲಿ ಅಡುಗೆ, ಅಮ್ಮನ ದರ್ಶನ. ಆ ಹೊತ್ತಿಗೆ ಡೇಟ್ ಬಂದರೆ ಹೇಗೆ ಅಂತ ಹೆಂಗಸರು ಮೆಡಿಕಲ್ ಶಾಪಿನಲ್ಲಿ ನೇರ ಕೇಳಿ ತರುವ ಗುಳಿಗೆ ಅದು, ನಾರೆಥಿಸ್ಟೆರೋನ್ 5 ಮಿಲಿಗ್ರಾಂ, ದಿನಕ್ಕೆ ಮೂರು. ಇದನ್ನು ತಗೊಂಡರೆ ಬಸಿರೂ ಆಗುವುದಿಲ್ಲ ಅಂತ ನಂಬಿದವರು ಇದ್ದಾರೆ, ಅದು ಆ ಕೆಲಸಕ್ಕೆ ಕೊಡುವ ಗುಳಿಗೆ ಅಲ್ಲ. ವಾರ ಹತ್ತು ದಿನ ತಗೊಂಡರೆ ಎಚ್‌ಡಿಎಲ್ ಸ್ವಲ್ಪ ಇಳಿದು ಮತ್ತೆ ಮೇಲೆ ಬರುತ್ತದೆ, ಅದರ ಚಿಂತೆ ಬೇಡ ಅಂದೆ. ಹೇಳಬೇಕಾದದ್ದು ಬೇರೆ ಇತ್ತು. ನಾರೆಥಿಸ್ಟೆರೋನ್‌ನ ಒಂದು ಸಣ್ಣ ಪಾಲು ಮೈಯಲ್ಲಿ ಎಥಿನೈಲ್ ಈಸ್ಟ್ರಡಯಾಲ್ ಆಗಿ ಬದಲಾಗುತ್ತದೆ. ದಿನಕ್ಕೆ ಮೂರು ತಗೊಂಡರೆ ಅದು ಒಂದು ಗರ್ಭ ನಿರೋಧಕ ಗುಳಿಗೆಯಲ್ಲಿ ಇರುವಷ್ಟಕ್ಕೇ ಹತ್ತಿರ ಬರುತ್ತದೆ.

"ನಿಮಗೆ ಎಷ್ಟು ವಯಸ್ಸು ಅಕ್ಕಾ?"

"ನಲವತ್ತಾರು."

"ಬಿಪಿ ಯಾವಾಗ ನೋಡ್ಸಿದ್ರಿ?"

ಅವರು ನಕ್ಕರು. ಮಗಳು ಹುಟ್ಟುವಾಗ ಅಂದರು.

ಪಕ್ಕದ ಕ್ಲಿನಿಕ್ಕಿನ ಸಿಸ್ಟರ್ ಹತ್ತಿರ ಕರೆದುಕೊಂಡು ಹೋದೆ. ಐದು ನಿಮಿಷ ಕೂರಿಸಿ, ಪಟ್ಟಿ ಕಟ್ಟಿ ನೋಡಿದರು. 156/98. ಇನ್ನೊಂದು ಕೈಗೂ ಕಟ್ಟಿ ನೋಡಿದರು. ಅಷ್ಟೇ ಬಂತು.